ಟೈಲರ್ ಅಣ್ಣನ ಡ್ರೈ ವೇಟ್

ಡಯಾಲಿಸಿಸ್ ಘಟಕದಲ್ಲಿ ಒಳ್ಳೆಯ ಪೇಷೆಂಟ್ ಎಂದರೆ ತೂಕ ಏರಿಸಿಕೊಳ್ಳದೆ ಬರುವವರು. ಬೇರೆ ಯಾವ ಸದ್ಗುಣವನ್ನೂ ನಾವು ಕೇಳುವುದಿಲ್ಲ. ಮೂತ್ರ ಬಾರದ ದೇಹದಲ್ಲಿ ಕುಡಿದ ನೀರು, ಉಂಡ ಸಾರು, ಕದ್ದು ತಿಂದ ಕಲ್ಲಂಗಡಿ ಎಲ್ಲವೂ ಹಾಗೆಯೇ ನಿಂತುಬಿಡುತ್ತದೆ. ಎರಡು ದಿನಕ್ಕೊಮ್ಮೆ ಬಂದು ತೂಕದ ಮೆಷಿನ್ ಮೇಲೆ ನಿಂತಾಗ ಎಷ್ಟು ಏರಿರುತ್ತಾರೋ ಅಷ್ಟನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕು. ನಾಲ್ಕು ಲೀಟರ್ ತೆಗೆಯಲು ಹೊರಟರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಬಿಪಿ ಬೀಳುತ್ತದೆ, ವಾಂತಿಯಾಗುತ್ತದೆ. ಒಂದು ಲೀಟರ್ ಆದರೆ ಅವರೂ ನಿದ್ದೆ ಹೊಡೆಯುತ್ತಾರೆ, ನಾವೂ ನೆಮ್ಮದಿಯಾಗಿ ಕಾಫಿ ಕುಡಿಯುತ್ತೇವೆ.

ಜಯನಗರದ ಒಂಬತ್ತು ಹಾಸಿಗೆಯ ಘಟಕವೊಂದರಲ್ಲಿ ನಾನು ಟೆಕ್ನಿಷಿಯನ್. ಮಂಗಳವಾರ, ಗುರುವಾರ, ಶನಿವಾರದ ಬೆಳಗಿನ ಬ್ಯಾಚು ನನ್ನ ಪಾಲಿನದು. ಆ ಬ್ಯಾಚಿನ ಒಳ್ಳೆಯ ಪೇಷೆಂಟ್ ಐದನೇ ಬೆಡ್ಡಿನ ಟೈಲರ್ ಅಣ್ಣ. ಸುದ್ದಗುಂಟೆಪಾಳ್ಯದಲ್ಲಿ ಅವರ ಅಂಗಡಿ. ಪ್ಯಾಂಟು, ಶರ್ಟು, ಜೂನ್ ಬಂದರೆ ಸ್ಕೂಲ್ ಯೂನಿಫಾರಂ. ಅದೇ ಅಂಗಡಿಯ ಮೂಲೆಯಲ್ಲಿ ಹೆಂಡತಿ ಸೀರೆಗೆ ಫಾಲ್ಸ್ ಹಾಕುತ್ತಾರೆ. ಅಣ್ಣನಿಗೆ ನಲವತ್ತೆಂಟು, ಏಳು ವರ್ಷದಿಂದ ಡಯಾಲಿಸಿಸ್. ಮಕ್ಕಳಿಲ್ಲ.

ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ತೂಕಕ್ಕೆ ನಮ್ಮಲ್ಲಿ ಡ್ರೈ ವೇಟ್ ಎನ್ನುತ್ತೇವೆ. ಡಾಕ್ಟರು ಅದನ್ನು ನಿಗದಿ ಮಾಡುತ್ತಾರೆ, ಪ್ರತಿ ಸಲವೂ ಪೇಷೆಂಟನ್ನು ಆ ತೂಕಕ್ಕೆ ತಂದು ಮನೆಗೆ ಕಳಿಸುವುದು ನಮ್ಮ ಕೆಲಸ. ಟೈಲರ್ ಅಣ್ಣನ ಡ್ರೈ ವೇಟ್ ಅರವತ್ತೆರಡು. ಅವರು ಅರವತ್ಮೂರು ಇದ್ದು ಬರುತ್ತಿದ್ದರು, ಅರವತ್ತೆರಡಾಗಿ ಹೋಗುತ್ತಿದ್ದರು. ತಿಂಗಳುಗಟ್ಟಲೆ ಹಾಗೆಯೇ. ಪಕ್ಕದ ನಾಲ್ಕನೇ ಬೆಡ್ಡಿನಲ್ಲಿ ಯಡಿಯೂರಿನ ಆಂಟಿ ಒಬ್ಬರು. ಅವರು ನಾಲ್ಕೂವರೆ ಕಿಲೋಗಿಂತ ಕಡಿಮೆ ಏರಿಸಿಕೊಂಡು ಬಂದ ನೆನಪಿಲ್ಲ. ನಾನು ಅವರನ್ನು ಪ್ರತಿ ಸಲವೂ ಬೈಯುತ್ತಿದ್ದೆ. ಬೈಯುವಾಗಲೆಲ್ಲ, ಟೈಲರ್ ಅಣ್ಣನನ್ನು ನೋಡಿ ಕಲಿಯಿರಿ ಎನ್ನುತ್ತಿದ್ದೆ. ಒಂದು ದಿನ ಆಂಟಿ ನನ್ನ ಮಾತಿಗೆ, "ಅವ್ರು ಊಟಾನೇ ಮಾಡಲ್ವೇನೋ ಕಣಮ್ಮ, ನಂಗೆ ಹಸಿವಾಗುತ್ತೆ" ಎಂದರು. ಒಂಬತ್ತು ಬೆಡ್ಡಿನವರೂ ನಕ್ಕರು. ಟೈಲರ್ ಅಣ್ಣನೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆಂಟಿ ಹೇಳಿದ್ದು ನಿಜವಾಗಿತ್ತು ಎಂದು ಗೊತ್ತಾಗಲು ನನಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಹದಿನಾರು ವರ್ಷ ಇದೇ ಕೆಲಸ ಮಾಡಿದವಳಿಗೆ.

ಆ ಹೊತ್ತಿಗೆ ಟೈಲರ್ ಅಣ್ಣನ ಟ್ರಾನ್ಸ್‌ಪ್ಲಾಂಟ್ ಹತ್ತಿರ ಬಂದಿತ್ತು. ಕಿಡ್ನಿ ಕೊಡುವವರು ಹೆಂಡತಿ. ಆಕೆಯದು ಓ ಪಾಸಿಟಿವ್, ಎಲ್ಲ ಟೆಸ್ಟೂ ಹೊಂದಿತ್ತು, ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಕೂತು ಬಂದಿದ್ದರು. ಬನ್ನೇರುಘಟ್ಟ ರಸ್ತೆಯ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಆಕೆಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡು, ಅದನ್ನು ತೆಗೆಸಿ ಸುಧಾರಿಸಿಕೊಳ್ಳುವವರೆಗೆ ಎಲ್ಲವೂ ಮುಂದಕ್ಕೆ ಹೋಯಿತು. ಹೀಗಾಗಿ ಟೈಲರ್ ಅಣ್ಣನ ಹೊಟ್ಟೆಯ ಸ್ಕ್ಯಾನ್ ಒಂಬತ್ತು ತಿಂಗಳು ಹಳೆಯದಾಗಿತ್ತು. ಎರಡೂ ಕಿಡ್ನಿ ಕುಗ್ಗಿವೆ, ಅಲ್ಲಲ್ಲಿ ನೀರಿನ ಗುಳ್ಳೆಗಳಿವೆ ಎಂದು ಅದರಲ್ಲಿತ್ತು. ಬಹಳ ವರ್ಷ ಡಯಾಲಿಸಿಸ್‌ನಲ್ಲಿರುವವರ ರಿಪೋರ್ಟಿನಲ್ಲೆಲ್ಲ ಆ ಸಾಲು ಇರುತ್ತದೆ. ನಾವು ಅದನ್ನು ಓದುವುದನ್ನೂ ಬಿಟ್ಟಿದ್ದೆವು.

ಬಿಪಿ ಏರತೊಡಗಿದ್ದು ಆಗಲೇ. ನೂರ ಮೂವತ್ತು ಇರುತ್ತಿದ್ದುದು ನೂರ ಎಪ್ಪತ್ತಕ್ಕೆ ಬಂತು. ವಾರಕ್ಕೆರಡು ಸಲ ರೌಂಡ್ಸಿಗೆ ಬರುವ ನಮ್ಮ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಅಂಗಾತ ಮಲಗಿದರೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದು ಟೈಲರ್ ಅಣ್ಣ ಹೇಳಿದಾಗ, ಆಪರೇಷನ್ ಟೆನ್ಶನ್ ಅಣ್ಣ ಎಂದು ನಾನೇ ಸಮಾಧಾನ ಹೇಳಿದೆ. ಅದರ ಜೊತೆಗೆ ಒಂದು ಸಂತೋಷದ ಸುದ್ದಿಯೂ ಇತ್ತು. ನಮ್ಮ ಪೇಷೆಂಟುಗಳಿಗೆ ರಕ್ತ ಕಡಿಮೆ, ವಾರವಾರ ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಹತ್ತಕ್ಕೆ ತಿಣುಕುತ್ತದೆ. ಟೈಲರ್ ಅಣ್ಣನಿಗೆ ಇಂಜೆಕ್ಷನ್ ನಿಲ್ಲಿಸಿದ ಮೇಲೂ ಹದಿಮೂರು. ಕುಗ್ಗಿದ ಕಿಡ್ನಿಯಲ್ಲಿ ಏನಾದರೂ ಬೆಳೆಯುತ್ತಿದ್ದರೂ ಹಾಗೆ ಏರಬಹುದು ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಎದುರಿಗೆ ಒಳ್ಳೆಯ ಅಂಕಿ ಇದ್ದಾಗ ಯಾರಿಗೂ ಅನುಮಾನ ಬರುವುದಿಲ್ಲ. ಕಡಿಮೆ ನೀರು, ಒಳ್ಳೆಯ ರಕ್ತ, ಕೈಗೆ ಬಂದ ಆಪರೇಷನ್ ದಿನಾಂಕ. ನಮ್ಮ ಘಟಕದಲ್ಲಿ ಅಷ್ಟು ಅದೃಷ್ಟವಂತ ಮನುಷ್ಯ ಇನ್ನೊಬ್ಬರಿರಲಿಲ್ಲ.

ಆಪರೇಷನ್‌ನ ಹೊಸ ದಿನಾಂಕಕ್ಕೆ ಆರು ವಾರ ಇತ್ತು. ಒಂದು ಗುರುವಾರ ಅವರು ನೆಟ್ಟಗೆ ಮಲಗಲಾರದೆ ಬಲಕ್ಕೆ ಹೊರಳಿ ಮಲಗಿದ್ದರು. ಸೂಜಿ ಹಾಕಿದ ಎಡಗೈ ಅಲುಗದಂತೆ ದಿಂಬು ಕೊಡಲು ಹೋದವಳು, ಶರ್ಟು ಮೇಲೆ ಸರಿದು ಪ್ಯಾಂಟಿನ ಸೊಂಟಪಟ್ಟಿ ಹೊರಕ್ಕೆ ಮಡಿಚಿಕೊಂಡಿದ್ದನ್ನು ನೋಡಿದೆ. ಹಿಂದುಗಡೆ, ಟೈಲರುಗಳು ಮುಂದೆ ಬೇಕಾದರೆ ಬಿಡಿಸಲು ಎಂದು ಹೆಚ್ಚು ಬಟ್ಟೆ ಬಿಡುವ ಜಾಗದಲ್ಲಿ, ಹಳೆಯ ಹೊಲಿಗೆ ಬಿಚ್ಚಿದ ಸೂಜಿಯ ತೂತುಗಳ ಸಾಲು ಕಾಣುತ್ತಿತ್ತು. ಒಂದಲ್ಲ, ಮೂರು ಸಾಲು. ನಾಲ್ಕನೆಯದು ಈಗಿನ ಹೊಲಿಗೆ. ಬಿಟ್ಟಿದ್ದ ಬಟ್ಟೆ ಕಡಿಮೆಯಾಗುವ ಬದಲು ದಪ್ಪಗೆ ಮಡಿಕೆಯಾಗಿ ಒಳಗೆ ಸೇರಿತ್ತು.

ಪೇಷೆಂಟ್ ಇಳಿದುಹೋಗುತ್ತಿದ್ದಾರೆಂದು ನಮಗೆ ಮೊದಲು ಹೇಳುವುದು ಬಟ್ಟೆ. ತೂಕದ ಮೆಷಿನ್‌ಗೆ ನೀರು ಯಾವುದು ಮಾಂಸ ಯಾವುದು ಎಂದು ತಿಳಿಯುವುದಿಲ್ಲ. ಸಡಿಲವಾದ ಶರ್ಟು, ಜಾರುವ ಬಳೆ, ಬೆಲ್ಟಿಗೆ ಹೊಸದಾಗಿ ಹೊಡೆದ ತೂತು, ಇವನ್ನು ನೋಡಿ ನಾವು ಡ್ರೈ ವೇಟ್ ಇಳಿಸಿ ಎಂದು ಡಾಕ್ಟರಿಗೆ ಹೇಳುತ್ತೇವೆ. ಟೈಲರ್ ಅಣ್ಣನ ಬಟ್ಟೆ ಒಂದು ದಿನವೂ ಸಡಿಲವಾಗಿರಲಿಲ್ಲ. ಅವರು ತಿಂಗಳಿಗೊಮ್ಮೆ ಕೂತು ತಮ್ಮ ಪ್ಯಾಂಟನ್ನು ತಾವೇ ಹಿಡಿದು ಹೊಲಿದುಕೊಳ್ಳುತ್ತಿದ್ದರು.

ನಾನು ಕೇಳಿದ್ದಕ್ಕೆ ಅವರು ಮೊದಲು ನಕ್ಕರು. "ಟೈಲರ್ ಪ್ಯಾಂಟು ಮೇಡಂ, ಫಿಟ್ಟಿಂಗ್ ಇರ್ಬೇಕಲ್ವಾ" ಎಂದರು. ಸೊಂಟ ಮೊದಲು ಎಷ್ಟಿತ್ತು ಎಂದೆ. ಮೂವತ್ತನಾಲ್ಕು ಎಂದರು. ಈಗ? ಮೂವತ್ತು. ಬೇರೆ ಏನು ಕೇಳಿದ್ದರೂ ಅವರು ಸುಳ್ಳು ಹೇಳಬಹುದಿತ್ತು. ಇಂಚಿನ ವಿಷಯದಲ್ಲಿ ಅವರ ಬಾಯಿಗೆ ಸುಳ್ಳು ಬರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಸೊಂಟ ನಾಲ್ಕು ಇಂಚು ಇಳಿದಿದೆ, ತೂಕ ಮಾತ್ರ ಇಳಿದಿಲ್ಲ. ಹೋದ ಮಾಂಸದ ಜಾಗದಲ್ಲಿ ಅಷ್ಟೇ ತೂಕದ ನೀರು ಕೂತಿದೆ. ಡ್ರೈ ವೇಟ್ ಅರವತ್ತೆರಡು ಎಂದು ಕಾಗದದಲ್ಲಿ ಇರುವುದರಿಂದ ಆ ನೀರನ್ನು ನಾವೇ ಪ್ರತಿ ಸಲ ಒಳಗೆ ಬಿಟ್ಟು ಮನೆಗೆ ಕಳಿಸುತ್ತಿದ್ದೇವೆ. ಬಿಪಿ ಏರಿದ್ದು, ಉಸಿರು ಕಟ್ಟಿದ್ದು ಅದಕ್ಕೆ. ಮೊಳಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆಟ್ಟು ಒತ್ತಿದೆ. ಗುಳಿ ಬಿತ್ತು, ಬಹಳ ಹೊತ್ತು ಮೇಲೇಳಲಿಲ್ಲ. ನನಗೆ ಆಗ ಗಾಬರಿಯಾಗಲಿಲ್ಲ, ಅಳುವೂ ಬರಲಿಲ್ಲ. ಮೈ ಜೋಮು ಹಿಡಿದ ಹಾಗೆ ಮನಸ್ಸು ಮರಗಟ್ಟಿತು, ಅಷ್ಟೆ. ಆ ಜೋಮು ಮುಂದೆ ಬಹಳ ದಿನ ಹೋಗಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಪ್ರತಿ ಸಲ ಅರ್ಧ ಕಿಲೋ ಇಳಿಸುತ್ತಾ ಹೋಗಿ, ಎಲ್ಲಿ ಕಾಲು ಹಿಡಿದುಕೊಳ್ಳುತ್ತದೋ ಅಲ್ಲಿ ನಿಲ್ಲಿಸಿ ಎಂದರು. ಡ್ರೈ ವೇಟ್ ಹುಡುಕುವ ದಾರಿ ಅದೊಂದೇ. ದೇಹದಲ್ಲಿ ಹೆಚ್ಚಿನ ನೀರು ಇರುವವರೆಗೆ ಮೆಷಿನ್ ಎಷ್ಟು ತೆಗೆದರೂ ಪೇಷೆಂಟ್ ಸುಮ್ಮನಿರುತ್ತಾರೆ. ನೀರು ಮುಗಿದ ಕ್ಷಣ ಮೀನಖಂಡ ಕೂಗುತ್ತದೆ. ಅರವತ್ತೊಂದೂವರೆ, ಏನೂ ಆಗಲಿಲ್ಲ. ಅರವತ್ತೊಂದು, ಏನೂ ಇಲ್ಲ. ಅರವತ್ತಕ್ಕೆ ಬಂದಾಗ ಬಿಪಿ ನೂರ ಐವತ್ತಕ್ಕೆ ಇಳಿಯಿತು. ನಾನು ಪ್ರತಿ ಸಲ ಅವರ ಕಾಲಿನ ಬಳಿ ನಿಂತು ಕಾಯುತ್ತಿದ್ದೆ. ಬೇರೆಯವರಿಗೆ ಸೆಳೆತ ಬಂದರೆ ಸಲೈನ್ ಹಿಡಿದು ಓಡುವವಳು, ಇವರಿಗೆ ಒಂದು ಸಲ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಐವತ್ತೊಂಬತ್ತು. ಐವತ್ತೆಂಟು. ಹತ್ತನೇ ಸಲ ಐವತ್ತೇಳಕ್ಕೆ ಬಂದಾಗ, ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಎಡಗಾಲು ಹಿಡಿದುಕೊಂಡಿತು. ಅವರು ಹಲ್ಲು ಕಚ್ಚಿದರು. ನಾನು ಪಾದವನ್ನು ಒತ್ತಿ ಹಿಡಿದು, ಮೆಷಿನ್ ನಿಲ್ಲಿಸಿ, ಸಲೈನ್ ಬಿಟ್ಟೆ. ಆ ಮನುಷ್ಯನಲ್ಲಿ ಐದು ಕಿಲೋ ಎಲ್ಲಿಗೋ ಹೋಗಿಬಿಟ್ಟಿತ್ತು.

ವಿಚಿತ್ರ ಎಂದರೆ, ಅವರು ಮೊದಲಿಗಿಂತ ಚೆನ್ನಾಗಿ ಕಂಡರು. ಬಿಪಿ ಸರಿಹೋಯಿತು, ಒಂದು ಮಾತ್ರೆ ನಿಂತಿತು, ಅಂಗಾತ ಮಲಗಿ ನಿದ್ದೆ ಮಾಡತೊಡಗಿದರು. ಹೆಂಡತಿ ನನಗಾಗಿ ಒಂದು ಡಬ್ಬಿ ಚಕ್ಕುಲಿ ತಂದುಕೊಟ್ಟರು. ಡಾಕ್ಟರೂ ಗುಡ್ ಪಿಕ್ಅಪ್, ಸರಿಯಾಗಿ ಹಿಡಿದೆಯಮ್ಮ ಎಂದು ಬೆನ್ನು ತಟ್ಟಿದರು. ಮಾಂಸ ಯಾಕೆ ಇಳಿಯಿತು ಸಾರ್ ಎಂದು ಕೇಳಿದೆ. ಏಳು ವರ್ಷದ ಡಯಾಲಿಸಿಸ್, ಊಟ ಸೇರುವುದಿಲ್ಲ, ಇಳಿಯುತ್ತದೆ, ಹೊಸ ಕಿಡ್ನಿ ಬಂದ ಮೇಲೆ ತಾನೇ ತುಂಬಿಕೊಳ್ಳುತ್ತಾರೆ ಎಂದರು. ಅದು ತಪ್ಪು ಮಾತಲ್ಲ. ಹತ್ತರಲ್ಲಿ ಎಂಟು ಜನರಿಗೆ ಹಾಗೆಯೇ ಆಗುವುದನ್ನು ನಾನೂ ನೋಡಿದ್ದೇನೆ.

ಆದರೆ ಮುಂದಿನ ಶನಿವಾರ, ಸೂಜಿ ಹಾಕಿ ಟೇಪ್ ಅಂಟಿಸುವಾಗ, ಯಾವಾಗಿನಿಂದ ಹಸಿವಿಲ್ಲ ಎಂದು ಮೆಲ್ಲಗೆ ಕೇಳಿದೆ. ಅವರು ಆಚೀಚೆ ನೋಡಿ ಹೇಳಿದರು. ಐದು ತಿಂಗಳಿಂದ ಅರ್ಧ ಚಪಾತಿಗೆ ಹೊಟ್ಟೆ ತುಂಬುತ್ತದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. ಎಡಗಡೆ ಪಕ್ಕೆಯ ಹಿಂದೆ ನೋವು, ಹೊಲಿಗೆ ಮೆಷಿನ್ ಮುಂದೆ ಬಗ್ಗಿ ಕೂತೂ ಕೂತೂ ಬಂದಿರಬೇಕು ಎಂದು ಸುಮ್ಮನಿದ್ದರು. ಹೆಂಡತಿಗೂ ಹೇಳಿಲ್ಲ. ಹೇಳಿದರೆ ಟೆಸ್ಟು ಎನ್ನುತ್ತಾರೆ, ಟೆಸ್ಟು ಎಂದರೆ ದಿನಾಂಕ ಮುಂದಕ್ಕೆ ಹೋಗುತ್ತದೆ. ಒಂದು ಸಲ ಹೋಗಿದ್ದೇ ಸಾಕಾಗಿತ್ತು ಅವರಿಗೆ.

ಆಪರೇಷನ್‌ಗೆ ಮುಂಚೆ ಡಯಾಲಿಸಿಸ್ ಘಟಕದಿಂದ ಒಂದು ಫಾರಂ ಹೋಗಬೇಕು. ಮೂರು ತಿಂಗಳ ಬಿಪಿ, ರಕ್ತದ ಅಂಕಿಗಳು, ಈಗಿನ ಡ್ರೈ ವೇಟ್. ಈಗಿನದು ಮಾತ್ರ, ಹಿಂದಿನದಕ್ಕೆ ಜಾಗವೇ ಇಲ್ಲ. ಕೊನೆಯಲ್ಲಿ 'ಇತರೆ' ಎಂದು ಎರಡು ಗೆರೆ ಇರುತ್ತದೆ. ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಫಾರಂ ತುಂಬುವವಳು ನಾನು, ಡಾಕ್ಟರು ಸಹಿ ಹಾಕುತ್ತಾರೆ. ಐವತ್ತೇಳು ಎಂದು ಬರೆದರೆ ಅದು ಸುಳ್ಳಲ್ಲ. ಬಿಪಿ ಚೆನ್ನಾಗಿದೆ, ರಕ್ತ ಚೆನ್ನಾಗಿದೆ, ಹನ್ನೊಂದು ದಿನದಲ್ಲಿ ಆಪರೇಷನ್.

ಆ ಫಾರಂ ಎರಡು ದಿನ ನನ್ನ ಬ್ಯಾಗಿನಲ್ಲಿತ್ತು. ಬನಶಂಕರಿಯ ಮನೆಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ನನಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಹೊಸ ಕಿಡ್ನಿಯನ್ನು ದೇಹ ಹೊರದಬ್ಬದಿರಲಿ ಎಂದು ಕೊಡುವ ಮಾತ್ರೆಗಳು ದೇಹದ ಕಾವಲನ್ನೇ ಮಲಗಿಸುತ್ತವೆ. ಒಳಗೆ ಕ್ಯಾನ್ಸರ್ ಅಡಗಿದ್ದರೆ ಅದಕ್ಕೆ ತಡೆಯುವವರೇ ಇರುವುದಿಲ್ಲ. ನಮ್ಮಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಅಂಗನವಾಡಿ ಟೀಚರ್ ಒಬ್ಬರು ಟ್ರಾನ್ಸ್‌ಪ್ಲಾಂಟ್ ಆಗಿ ಹೋದ ದಿನ ನಾವು ಮೈಸೂರ್‌ಪಾಕ್ ಹಂಚಿದ್ದೆವು. ಕಿಡ್ನಿ ಚೆನ್ನಾಗಿಯೇ ಇತ್ತು. ಮೂರೂವರೆ ವರ್ಷಕ್ಕೆ ಗಂಟಲ ಗಂಟಿನ ಕ್ಯಾನ್ಸರಿನಲ್ಲಿ ಹೋದರು. ಅದು ನಮಗೆ ತಿಳಿದದ್ದು ಅವರ ತಮ್ಮ ಎಲ್ಲೋ ಸಿಕ್ಕಿದಾಗ. ಕಿಡ್ನಿ ಪೇಷೆಂಟ್ ಎಂದರೆ ಎಲ್ಲರೂ ಹೃದಯ ನೋಡುತ್ತಾರೆ, ಸೋಂಕು ನೋಡುತ್ತಾರೆ. ಬೇರೆಯವರಿಗಿಂತ ಇವರಿಗೆ ಕ್ಯಾನ್ಸರಿನಿಂದ ಸಾಯುವ ಅಪಾಯ ಹೆಚ್ಚು ಎನ್ನುವುದು ಪುಸ್ತಕದಲ್ಲಿ ಉಳಿದುಬಿಡುತ್ತದೆ. ಸುಸ್ತು, ಹಸಿವಿಲ್ಲದಿರುವುದು, ಸೊರಗುವುದು ಎಲ್ಲಕ್ಕೂ ಡಯಾಲಿಸಿಸ್ ಎಂಬ ಒಂದೇ ಕಾರಣ ಸಾಕಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕೈ ಏಳಲಿಲ್ಲ. ಏಳು ವರ್ಷ ಆ ಮನುಷ್ಯನ ಕೈಗೆ ವಾರಕ್ಕೆ ಆರು ಸಲ ಸೂಜಿ ಚುಚ್ಚಿದವಳು ನಾನು. ಇನ್ನು ಚುಚ್ಚಬೇಕಾಗಿಲ್ಲ ಎಂದು ಅವರಷ್ಟೇ ಆಸೆಯಿಂದ ದಿನ ಎಣಿಸುತ್ತಿದ್ದೆ. ಮಂಗಳವಾರ ಅವರೇ ವಿಷಯ ತೆಗೆದರು. ಫಾರಂ ಬಗ್ಗೆ ಅವರಿಗೆ ಗೊತ್ತಿತ್ತು, ಹಿಂದಿನ ಸಲವೂ ನಾನೇ ತುಂಬಿದ್ದೆ.

"ಪ್ಯಾಂಟಿನ ವಿಷ್ಯ ಬರೀಬೇಡಿ ಮೇಡಂ" ಎಂದರು. "ಈ ಸಲ ಡೇಟ್ ಹೋದ್ರೆ ನಂಗೆ ಇನ್ನು ಸಿಗಲ್ಲ."

ನಾನು ಅವರ ತೋಳಿಗೆ ಬಿಪಿ ಪಟ್ಟಿ ಕಟ್ಟಿದೆ. ಅವರು ಕಣ್ಣು ಮುಚ್ಚಿಕೊಂಡರು. ಹೆಂಡತಿಗೂ ಅಂದು ಬೆಳಿಗ್ಗೆಯೇ ಎಲ್ಲ ಹೇಳಿದ್ದರು ಎಂದು ಕಾಣುತ್ತದೆ. ಆಕೆ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನನಗಾಗಿ ಕಾಯುತ್ತಿದ್ದರು. ಮೊದಲು ಬೇಡಿಕೊಂಡರು. ಆಪರೇಷನ್ ಆಗಲಿ, ಆಮೇಲೆ ಏನಿದ್ದರೂ ನೋಡಿಸಿಕೊಳ್ಳುತ್ತೇವೆ ಎಂದರು. ಮೊದಲು ಒಂದು ಸ್ಕ್ಯಾನ್ ಆಗಲಿ ಅಕ್ಕ, ಏನೂ ಇಲ್ಲದಿದ್ದರೆ ಒಂದು ವಾರ ತಡವಾಗಬಹುದು, ಅಷ್ಟೇ ಎಂದೆ. ಏನಾದರೂ ಇದ್ದರೆ ಎಂದು ಕೇಳಿದರು. ಇದ್ದರೆ ಈಗ ಆಪರೇಷನ್ ಆಗಲೇಬಾರದು ಎಂದೆ. ಆಕೆಯ ಮುಖ ಗಟ್ಟಿಯಾಯಿತು.

"ನನ್ನ ಕಿಡ್ನಿ, ನನ್ನ ಗಂಡ. ಮಧ್ಯ ನೀವ್ಯಾರು ಮೇಡಂ?"

ಒಳಗೆ ಎರಡನೇ ಬೆಡ್ಡಿನ ಅಲಾರಂ ಬಡಿದುಕೊಳ್ಳುತ್ತಿತ್ತು. ನಾನು ಒಳಗೆ ಹೋಗಿ ಅದನ್ನು ಸರಿಮಾಡಿ, ಕೈ ತೊಳೆದು, ಟೇಬಲ್ಲಿಗೆ ಬಂದು ಫಾರಂ ತೆಗೆದು ಕೂತೆ. ಧೈರ್ಯ ಬಂದು ಬರೆದೆ ಎಂದು ಹೇಳಲಾರೆ. ಆಕೆ ಕೇಳಿದ ಪ್ರಶ್ನೆಯಲ್ಲೇ ಉತ್ತರ ಇತ್ತು. ಕಿಡ್ನಿ ಆಕೆಯದು, ಒಂದೇ ಸಲ ಕೊಡಬಹುದಾದದ್ದು, ಕೊಟ್ಟ ಮೇಲೆ ವಾಪಸು ಬರುವಂಥದ್ದಲ್ಲ. ಅದನ್ನು ಎಂಥ ದೇಹಕ್ಕೆ ಕೊಡುತ್ತಿದ್ದೇನೆ ಎಂದು ಆಕೆಗೆ ಗೊತ್ತಾಗಬೇಕಿತ್ತು. ಎರಡು ಗೆರೆ ಸಾಲದೆ ಹಾಳೆಯ ಅಂಚಿಗೂ ಹತ್ತಿಸಿ ಬರೆದೆ. ಡ್ರೈ ವೇಟ್ ಅರವತ್ತೆರಡರಿಂದ ಐವತ್ತೇಳು. ಐದು ತಿಂಗಳಲ್ಲಿ ಸೊಂಟ ನಾಲ್ಕು ಇಂಚು ಕಡಿಮೆ. ಹಸಿವಿಲ್ಲ, ಸಂಜೆ ಜ್ವರ, ಎಡಪಕ್ಕೆ ನೋವು. ಇಂಜೆಕ್ಷನ್ ಇಲ್ಲದೆ ಹಿಮೋಗ್ಲೋಬಿನ್ ಹದಿಮೂರು. ಹೊಟ್ಟೆಯ ಸ್ಕ್ಯಾನ್ ಒಂಬತ್ತು ತಿಂಗಳು ಹಳೆಯದು. ಕಾರಣ ಗೊತ್ತಿಲ್ಲ.

ಡಾಕ್ಟರು ಎರಡು ಸಲ ಓದಿದರು. "ಸೊಂಟದ ಅಳತೆ ಯಾರಮ್ಮ ತಗೊಂಡಿದ್ದು?" ಎಂದು ಕೇಳಿದರು. ಅವರೇ ಸಾರ್ ಎಂದೆ. ಸಹಿ ಹಾಕಿದರು. ಬೆನ್ನು ತಟ್ಟಲಿಲ್ಲ.

ಮರುದಿನವೇ ದೊಡ್ಡ ಆಸ್ಪತ್ರೆಯಿಂದ ಫೋನ್ ಬಂತು. ಸಿಟಿ ಸ್ಕ್ಯಾನ್ ಶುಕ್ರವಾರ ಆಯಿತು. ಶನಿವಾರ ಬೆಳಿಗ್ಗೆ ಟೈಲರ್ ಅಣ್ಣ ಎಂದಿನಂತೆ ಆರು ಗಂಟೆಗೆ ಬಂದು, ಚಪ್ಪಲಿ ಬಿಟ್ಟು, ಜೇಬಿನ ಮೊಬೈಲ್ ತೆಗೆದಿಟ್ಟು ತೂಕದ ಮೆಷಿನ್ ಮೇಲೆ ನಿಂತರು. ಐವತ್ತೇಳು ಮುಕ್ಕಾಲು. ಬೆಡ್ಡಿನ ಮೇಲೆ ಕೂತು, ಎಡ ಕಿಡ್ನಿಯಲ್ಲಿ ಗಡ್ಡೆಯಂತೆ, ಶ್ವಾಸಕೋಶದಲ್ಲೂ ಎರಡು ಮೂರು ಕಡೆ ಇದೆಯಂತೆ ಎಂದರು. ಹವಾಮಾನ ಹೇಳುವವರ ಹಾಗೆ ಹೇಳಿದರು. ನಾನು ಹೌದಾ ಎಂದೆ. ಆಮೇಲೆ ಸೂಜಿ ಎಲ್ಲಿ ಹಾಕಲಿ, ನಿನ್ನೆಯ ಜಾಗದ ಪಕ್ಕದಲ್ಲೇ ಹಾಕಲೇ ಎಂದು ಕೇಳಿದೆ. ನಿನ್ನೆ ಅಲ್ಲ ಮೇಡಂ, ಮೊನ್ನೆ ಎಂದು ತಿದ್ದಿದರು. ಅಂದು ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಎಷ್ಟೋ ಜನ ಕೇಳುತ್ತಾರೆ, ಆಗ ನಿಮಗೆ ಏನನ್ನಿಸಿತು ಎಂದು. ಏನೂ ಅನ್ನಿಸಲಿಲ್ಲ. ಎರಡು ಸೂಜಿ ಹಾಕಿದೆ, ಪೈಪು ಜೋಡಿಸಿದೆ, ಪಂಪ್ ಸ್ಪೀಡು ಮುನ್ನೂರಕ್ಕೆ ಇಟ್ಟೆ, ಮುಂದಿನ ಬೆಡ್ಡಿಗೆ ಹೋದೆ.

ಟ್ರಾನ್ಸ್‌ಪ್ಲಾಂಟ್ ರದ್ದಾಯಿತು. ಕ್ಯಾನ್ಸರ್ ಡಾಕ್ಟರು ದಿನಕ್ಕೊಂದು ಮಾತ್ರೆ ಶುರುಮಾಡಿದರು. ಡಯಾಲಿಸಿಸ್‌ನಲ್ಲಿರುವವರಿಗೆ ಆ ಮಾತ್ರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದೇ ಹಗ್ಗಜಗ್ಗಾಟ. ಅಂಗೈ ಸುಲಿಯಿತು, ಬಾಯಿ ಹುಣ್ಣಾಯಿತು, ಬಿಪಿ ಮತ್ತೆ ಏರಿತು. ಕತ್ತರಿ ಹಿಡಿಯಲು ಆಗುತ್ತಿಲ್ಲ ಎಂದು ಟೈಲರ್ ಅಣ್ಣ ಏಳನೇ ವಾರಕ್ಕೆ ಮಾತ್ರೆ ನಿಲ್ಲಿಸಿದರು. ಡಯಾಲಿಸಿಸ್‌ಗೆ ಮಾತ್ರ ತಪ್ಪದೆ ಬಂದರು. ನಾವು ಡ್ರೈ ವೇಟ್ ಇಳಿಸುತ್ತಾ ಹೋದೆವು. ಐವತ್ತೈದು. ಐವತ್ಮೂರು. ಐವತ್ತೂವರೆ. ಈಗ ಪ್ರತಿ ವಾರವೂ ಎಲ್ಲರೂ ಎಲ್ಲವನ್ನೂ ಗಮನಿಸುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹೆಂಡತಿ ಆಟೋದಲ್ಲಿ ಕರೆತಂದು, ಒಳಗೆ ಕಾಲಿಡದೆ, ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತು ಕರೆದುಕೊಂಡು ಹೋಗುತ್ತಿದ್ದರು. ನಾನು ಎದುರಾದರೆ ಸೀರೆಯ ಅಂಚಿನ ದಾರ ಕೀಳುತ್ತಾ ತಲೆ ಬಗ್ಗಿಸಿಕೊಳ್ಳುತ್ತಿದ್ದರು. ನಾಲ್ಕನೇ ಬೆಡ್ಡಿನ ಆಂಟಿಯನ್ನು ನಾನು ಬೈಯುವುದು ನಿಂತಿತ್ತು. ಅದು ಆಂಟಿಗೆ ಹಿಡಿಸಲಿಲ್ಲ. ಯಾಕಮ್ಮ, ನನ್ನ ಮೇಲೆ ಆಸೆ ಬಿಟ್ಟುಬಿಟ್ಟೆಯಾ ಎಂದು ಕೇಳಿದರು.

ಒಂದು ಗುರುವಾರ, ಮೆಷಿನ್ ಹಾಕಿ ಅರ್ಧ ಗಂಟೆಯಾಗಿತ್ತು. ಟೈಲರ್ ಅಣ್ಣ ನನ್ನನ್ನು ಕೈಸನ್ನೆ ಮಾಡಿ ಕರೆದರು. ದನಿ ಇಳಿದುಹೋಗಿತ್ತು, ಬಗ್ಗಿ ಕೇಳಬೇಕಾಯಿತು.

"ಐದು ತಿಂಗಳು ಮುಂಚೇನೇ ಗೊತ್ತಾಗಿದ್ರೆ ಏನಾದ್ರೂ ಆಗ್ತಿತ್ತಾ ಮೇಡಂ?"

ಇಲ್ಲ ಅಣ್ಣ ಎಂದು ಹೇಳಬಹುದಿತ್ತು. ಬೇರೆಯವರು ಹಾಗೆಯೇ ಹೇಳುತ್ತಿದ್ದರೇನೋ. ಆಗ ಕಿಡ್ನಿಯೊಳಗೆ ಮಾತ್ರ ಇದ್ದಿದ್ದರೆ, ಹೇಗೂ ಕೆಲಸ ಮಾಡದ ಕಿಡ್ನಿ, ತೆಗೆದುಹಾಕಬಹುದಿತ್ತು. ಒಂದೆರಡು ವರ್ಷ ಕಾದು ಟ್ರಾನ್ಸ್‌ಪ್ಲಾಂಟ್ ಕೂಡ ಆಗಬಹುದಿತ್ತು ಎಂದೆ. ಅವರು ಸೂರು ನೋಡುತ್ತಾ ಮಲಗಿದ್ದರು.

"ನಾನೂ ಹೇಳ್ಲಿಲ್ಲ, ನೀವೂ ಕೇಳ್ಲಿಲ್ಲ" ಎಂದರು.

ಬೈಗುಳವಲ್ಲ, ಕ್ಷಮೆಯೂ ಅಲ್ಲ. ಎರಡು ಅಳತೆ ಓದಿ ಹೇಳಿದ ಹಾಗಿತ್ತು. ಬಿಪಿ ನೋಡಿದೆ, ತೊಂಬತ್ತಕ್ಕೆ ಬಂದಿತ್ತು. ನೀರು ತೆಗೆಯುವುದನ್ನು ನಿಲ್ಲಿಸಿದೆ.

ಅದಾಗಿ ಹನ್ನೆರಡು ದಿನಕ್ಕೆ, ಮಂಗಳವಾರ ಬೆಳಿಗ್ಗೆ ಐದೂವರೆಗೆ ನನ್ನ ಫೋನ್ ಬಡಿಯಿತು. ನಾನು ಸ್ಕೂಟರ್ ತೆಗೆಯುತ್ತಿದ್ದೆ. ಅವರ ಹೆಂಡತಿ. "ಇವತ್ತು ಅವ್ರು ಬರಲ್ಲ ಮೇಡಂ, ಬೆಡ್ಡು ಬೇರೆಯವ್ರಿಗೆ ಕೊಡಿ" ಎಂದು ಹೇಳಿ ಇಟ್ಟರು. ಬರಲಾಗದಿದ್ದರೆ ಮುಂಚೆ ಫೋನ್ ಮಾಡಬೇಕು ಎನ್ನುವುದು ನಮ್ಮ ನಿಯಮ. ಏಳು ವರ್ಷದಲ್ಲಿ ಅವರು ಅದನ್ನು ತಪ್ಪಿಸಿರಲಿಲ್ಲ. ನಾನು ಘಟಕಕ್ಕೆ ಹೋಗಿ ಮೂರನೇ ಬ್ಯಾಚಿಗೆ ಬರಬೇಕಿದ್ದ ಒಬ್ಬರಿಗೆ ಫೋನ್ ಮಾಡಿ ಬೇಗ ಬರಲು ಹೇಳಿದೆ. ಬೆಡ್ಡು ಖಾಲಿ ಬೀಳಲಿಲ್ಲ.

ಘಟಕದ ಮರಣ ವಿವರದಲ್ಲಿ ಡಾಕ್ಟರು ಹೃದಯ ಸ್ತಂಭನ ಎಂದು ಬರೆದರು. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಬರೆಯುವುದು ಅದನ್ನೇ. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ ಸಾರ್, ಕ್ಯಾನ್ಸರ್ ಎಂದು ಬರೆಯಿರಿ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಅವರು ಹೊಡೆದುಹಾಕಿ ತಿದ್ದಿ ಬರೆದರು. ಹಾಗೆ ಬರೆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನಮ್ಮ ಘಟಕದ ಕಾಗದದಲ್ಲಿ ಕ್ಯಾನ್ಸರ್ ಎನ್ನುವ ಶಬ್ದ ಒಂದು ಕಡೆ ಇದೆ, ಅಷ್ಟೇ.

ಎರಡು ತಿಂಗಳಾದ ಮೇಲೆ ಟೈಲರ್ ಅಣ್ಣನ ಹೆಂಡತಿ ಬಂದರು. ಉಳಿದಿದ್ದ, ರಕ್ತ ಸೋಸುವ ಡಯಲೈಸರ್, ಪೈಪುಗಳ ಡಬ್ಬ ಮನೆಯಲ್ಲಿತ್ತು, ಯಾರಿಗಾದರೂ ಆಗಲಿ ಎಂದು ತಂದಿದ್ದರು. ಮೊದಲ ಬ್ಯಾಚು ಮುಗಿದು ಎರಡನೆಯದು ಇನ್ನೂ ಶುರುವಾಗಿರಲಿಲ್ಲ. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅಂಗಡಿ ನಡೆಯುತ್ತಿದೆಯೇ ಎಂದು ಕೇಳಿದೆ. ಬ್ಲೌಸು ಮಾತ್ರ ಹೊಲಿಯುತ್ತಿದ್ದೇನೆ ಎಂದರು. ಗಾಜಿನ ಬಾಗಿಲಿನಾಚೆ ಐದನೇ ಬೆಡ್ಡು ಕಾಣುತ್ತಿತ್ತು. ಅಲ್ಲಿ ಈಗ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು. ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದು ಆಫೀಸಿಗೆ ಹೋಗುವವಳು. ಮಲಗಿದಲ್ಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತಾಳೆ. ಅಂದು ಸೂಜಿ ತೆಗೆದ ಜಾಗವನ್ನು ಒತ್ತಿಹಿಡಿದು ಕೂತಿದ್ದಳು. ಆಕೆ ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದರು. ಮದುವೆಯಾಗಿದೆಯೇ, ಮನೆಯವರು ಯಾರೂ ಕೊಡುವುದಿಲ್ಲವೇ ಎಂದು ಕೇಳಿದರು. ತಾಯಿಗೆ ಸಕ್ಕರೆ ಕಾಯಿಲೆ, ಅಣ್ಣನದು ಹೊಂದಲಿಲ್ಲ ಎಂದೆ.

"ನಂದು ಕೊಡಿ ಅವ್ಳಿಗೆ" ಎಂದರು. "ಟೆಸ್ಟೆಲ್ಲ ಆಗಿದೆ. ಓ ಪಾಸಿಟಿವ್, ಯಾರಿಗಾದ್ರೂ ಆಗುತ್ತೆ ಅಂದಿದ್ರು."

ನಾನು ಹೇಳಬೇಕಾದ್ದನ್ನು ಹೇಳಿದೆ. ಹತ್ತಿರದ ಸಂಬಂಧಿಕರಾಗಿರಬೇಕು, ಗುರುತಿಲ್ಲದವರಿಗೆ ಹೀಗೆ ಕೊಡಲು ಕಾನೂನಿನಲ್ಲಿ ಸುಲಭವಾಗಿ ದಾರಿಯಿಲ್ಲ, ಸಮಿತಿ ಒಪ್ಪುವುದಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡರು. ಎಡಗೈ ಸೊಂಟದ ಹಿಂದಕ್ಕೆ ಹೋಗಿ, ಪಕ್ಕೆಯ ಮೇಲೆ ನಿಂತಿತು.

"ಮತ್ತೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ?"

ಆಗ ನನಗೆ ಅಳು ಬಂತು. ಸ್ಕ್ಯಾನ್ ರಿಪೋರ್ಟ್ ಬಂದ ದಿನ ಬಾರದ್ದು, ಬೆಳಗಿನ ಆ ಫೋನಿಗೆ ಬಾರದ್ದು, ಯೂನಿಫಾರಂ ತೊಟ್ಟು, ಕತ್ತಿನಲ್ಲಿ ಮಾಸ್ಕ್ ಜೋತುಬಿದ್ದಿರುವಾಗ, ಬರುವ ಹೋಗುವ ಪೇಷೆಂಟುಗಳ ಎದುರಿಗೆ ಬಂತು. ತಡೆಯಲು ಆಗಲಿಲ್ಲ. ಆಕೆ ಅಳಲಿಲ್ಲ. ನನ್ನ ಮಂಡಿಯ ಮೇಲೆ ಕೈಯಿಟ್ಟು, ನನ್ನದು ಮುಗಿಯುವವರೆಗೆ ಕಾದರು. ಆಮೇಲೆ ಗೋಡೆಯ ಗಡಿಯಾರ ನೋಡಿ, "ಸೆಕೆಂಡ್ ಬ್ಯಾಚ್ ಬಂದಿದ್ದಾರೆ, ಒಳಗೆ ಹೋಗಿ" ಎಂದರು.

ನಾನು ಎದ್ದು ಮುಖ ತೊಳೆದುಕೊಂಡು ಒಳಗೆ ಹೋದೆ.